ಮೊದಲ ಗಂಟೆಗೂ ಮುಂಚಿನ ಹಸಿವು

ಕರ್ನಾಟಕ ಸರ್ಕಾರ ಶಾಲೆಯಲ್ಲೇ ಒಲೆ ಹೊತ್ತಿಸಿ ಮಕ್ಕಳಿಗೆ ಬಿಸಿಯೂಟ ಬಡಿಸುವ ಕೆಲಸಕ್ಕೆ ಕೈಹಾಕಿದ್ದು 2002ರ ಜೂನ್ 1ರಂದು. ಅದು ಶುರುವಾದದ್ದು ರಾಜಧಾನಿಯಿಂದ ಸುಮಾರು 700 ಕಿಲೋಮೀಟರ್ ದೂರದ ಬೀದರ್ ಮತ್ತು ಅದರ ಜೊತೆಗಿನ ಆರು ಜಿಲ್ಲೆಗಳಲ್ಲಿ. ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಾಪುರ ಮತ್ತು ಬಾಗಲಕೋಟೆ ಉಳಿದ ಆರು. ಎಸ್.ಎಂ. ಕೃಷ್ಣ ಆಗ ಮುಖ್ಯಮಂತ್ರಿ. ಯೋಜನೆಗೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟರು. ಶರಣರು ದಾಸೋಹವನ್ನು ಬದುಕಿನ ಕ್ರಮವಾಗಿಸಿದ ಕಲ್ಯಾಣವಿರುವುದು ಇದೇ ಬೀದರ್ ಜಿಲ್ಲೆಯಲ್ಲಿ. ಹಾಗಾಗಿ ಈ ಹೆಸರು ಇಲ್ಲಿನ ಜನರ ಬಾಯಿಗೆ ಬೇಗ ಒಗ್ಗಿತು.

ಈ ಭಾಗವನ್ನೇ ಮೊದಲು ಆರಿಸಿಕೊಂಡದ್ದಕ್ಕೆ ಗಟ್ಟಿ ಕಾರಣವಿತ್ತು. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅದೇ 2002ರಲ್ಲಿ ವರದಿ ಕೊಟ್ಟಿತು. ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಹೇಳಿತು. ಆ 39ರಲ್ಲಿ 21 ತಾಲ್ಲೂಕುಗಳು ಗುಲ್ಬರ್ಗ ವಿಭಾಗ ಒಂದರಲ್ಲೇ ಇದ್ದವು. ರಾಜ್ಯದ ತುತ್ತತುದಿಯಲ್ಲಿರುವ ಔರಾದ ಆ ಪಟ್ಟಿಯಲ್ಲಿತ್ತು.

ಬಿಸಿಯೂಟ ಬರುವ ಮುಂಚೆಯೂ ಶಾಲೆಯ ಮೂಲಕ ಧಾನ್ಯ ಹಂಚಲಾಗುತ್ತಿತ್ತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯಡಿ ಹಾಜರಾತಿ ಶೇ 80 ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಸಿಗುತ್ತಿತ್ತು. ಅದು ಮನೆಗೆ ಹೋಗಿ ಎಲ್ಲರ ಅನ್ನದಲ್ಲಿ ಬೆರೆತು ನಾಲ್ಕು ದಿನಕ್ಕೆ ಮುಗಿಯುತ್ತಿತ್ತು. ತರಗತಿಯಲ್ಲಿ ಕೂತ ಮಗುವಿನ ಹಸಿವು ಮಾತ್ರ ಹಾಗೇ ಉಳಿಯುತ್ತಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಈ ಪದ್ಧತಿಗೆ ತೆರೆ ಎಳೆಯಿತು. ಧಾನ್ಯ ಹಂಚಿದರೆ ಸಾಲದು, ವರ್ಷಕ್ಕೆ ಕನಿಷ್ಠ 200 ದಿನ, ದಿನಕ್ಕೆ ಕನಿಷ್ಠ 300 ಕ್ಯಾಲರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಬೀದರಿನ ಶಾಲೆಗಳಲ್ಲಿ ಒಲೆ ಹೊತ್ತಿದ್ದರ ಹಿಂದೆ ಈ ಆದೇಶವಿದೆ.

ಹಾಗೆಂದು ಓದುವ ಮಕ್ಕಳಿಗೆ ಅನ್ನ ಹಾಕುವ ರೂಢಿ ಈ ನೆಲಕ್ಕೆ ಕೋರ್ಟಿನಿಂದ ಬಂದದ್ದಲ್ಲ. ಬೀದರ್ ನಗರದ ಹಳೆಯ ಪೇಟೆಯಲ್ಲಿ ಚೌಬಾರಾ ಗಡಿಯಾರ ಗೋಪುರದಿಂದ ಕೋಟೆಯ ಕಡೆಗೆ ಹೊರಟರೆ ಮೆಹಮೂದ್ ಗವಾನನ ಮದರಸಾ ಸಿಗುತ್ತದೆ. ಬಹಮನಿ ಸುಲ್ತಾನರ ಪ್ರಧಾನಿ ಗವಾನ್ ಇದನ್ನು ಕಟ್ಟಿಸಿದ್ದು 1472ರಲ್ಲಿ. ಮೂರು ಅಂತಸ್ತಿನ ಈ ಕಟ್ಟಡದಲ್ಲಿ ವಿದ್ಯಾರ್ಥಿಗಳಿಗೆಂದೇ 36 ಕೋಣೆಗಳಿದ್ದವು. ಗುರುಗಳಿಗೆ ಪ್ರತ್ಯೇಕ ವಸತಿ, ಗ್ರಂಥಾಲಯದಲ್ಲಿ 3,000 ಹಸ್ತಪ್ರತಿ. ದೂರದ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ಊಟ, ಬಟ್ಟೆ, ವಾಸ ಎಲ್ಲವೂ ಉಚಿತ. ಇಷ್ಟೆಲ್ಲ ಖರ್ಚು ಮಾಡಿದ ಗವಾನ್ ತಾನು ಮಾತ್ರ ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದ ಎಂದು ಇತಿಹಾಸಕಾರ ಫೆರಿಶ್ತಾ ದಾಖಲಿಸಿದ್ದಾನೆ. 1481ರಲ್ಲಿ ಸುಲ್ತಾನನೇ ಅವನನ್ನು ಕೊಲ್ಲಿಸಿದ. 1696ರ ಸ್ಫೋಟದಲ್ಲಿ ಮದರಸಾದ ಒಂದು ಪಾರ್ಶ್ವವೇ ಹಾರಿಹೋಯಿತು. ಉಳಿದ ಒಂದೇ ಮಿನಾರಿನ ಮೇಲೆ ಬಣ್ಣದ ಹೆಂಚಿನ ಚೂರುಗಳು ಈಗಲೂ ಬಿಸಿಲಿಗೆ ಹೊಳೆಯುತ್ತವೆ.

ಅದೇ ನಗರದ ಇನ್ನೊಂದು ಅಂಚಿನಲ್ಲಿ ನಾನಕ್ ಝೀರಾ ಗುರುದ್ವಾರವಿದೆ. ಗುರು ನಾನಕರು ಇಲ್ಲಿಗೆ ಬಂದಾಗ ಬಂಡೆಯಿಂದ ಸಿಹಿನೀರು ಚಿಮ್ಮಿತು ಎಂಬುದು ಐತಿಹ್ಯ. ಅಲ್ಲಿನ ಲಂಗರಿನಲ್ಲಿ ಯಾರು ಬಂದರೂ ಒಂದೇ ಸಾಲು, ಒಂದೇ ಊಟ. ಕಲ್ಯಾಣದ ಶರಣರ ಪಂಕ್ತಿಯಲ್ಲೂ ಹಾಗೆಯೇ, ಮಾದಾರನೂ ಬ್ರಾಹ್ಮಣನೂ ಒಟ್ಟಿಗೆ ಕೂರಬೇಕಿತ್ತು. ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದು ಶಾಲೆಯ ಊಟದ ಚರಿತ್ರೆಯಲ್ಲಿ ಚಿಕ್ಕ ಪ್ರಶ್ನೆಯಾಗಿರಲಿಲ್ಲ, ಇವತ್ತಿಗೂ ಅಲ್ಲ.

ಭಾಲ್ಕಿಯ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. 1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಶಾಲೆ, ಕಚೇರಿ, ಕೋರ್ಟು ಎಲ್ಲೆಡೆ ಉರ್ದು. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಮಗು ಶಾಲೆಗೆ ಹೋದರೆ ಮೇಷ್ಟ್ರ ಮಾತೇ ಅರ್ಥವಾಗದ ಸ್ಥಿತಿ. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಈ ಸಂಗತಿಯನ್ನು ಬೀದರ್ ಜಿಲ್ಲೆಯಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಪಟ್ಟದ್ದೇವರು ಹುಟ್ಟಿದ್ದು ಕಮಲನಗರದಲ್ಲಿ. ಈಚೆಗೆ ಪ್ರತ್ಯೇಕ ತಾಲ್ಲೂಕಾಗುವವರೆಗೂ ಆ ಊರು ಔರಾದ ತಾಲ್ಲೂಕಿಗೆ ಸೇರಿತ್ತು. ಅಲ್ಲೂ ಅವರು ಶಾಲೆಗೆ ನೆಲೆ ಕಲ್ಪಿಸಿದರು.

ಶಾಲೆ ತೆರೆದರೆ ಮುಗಿಯಲಿಲ್ಲ. ಹತ್ತು ಹದಿನೈದು ಮೈಲಿ ದೂರದ ಹಳ್ಳಿಯ ಹುಡುಗ ಭಾಲ್ಕಿಗೆ ಬಂದು ಓದಬೇಕಾದರೆ ಎರಡು ಹೊತ್ತಿನ ರೊಟ್ಟಿಗೆ ದಾರಿ ಬೇಕಿತ್ತು. ಕನ್ನಡ ನಾಡಿನಲ್ಲಿ ಬಡ ವಿದ್ಯಾರ್ಥಿಗೆ ಆಗ ಇದ್ದ ದಾರಿ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದೂ ಎಲ್ಲ ಜಾತಿಯ ಹುಡುಗರಿಗೆ ದಕ್ಕುತ್ತಿರಲಿಲ್ಲ. ಮಠದ ಪ್ರಸಾದ ನಿಲಯ ಈ ತೊಡಕನ್ನು ಬಿಡಿಸಿತು. ಪಟ್ಟದ್ದೇವರು ಜೋಳಿಗೆ ಹಿಡಿದು ಊರೂರು ತಿರುಗಿದರು. ರೈತರು ಕೊಟ್ಟ ಜೋಳ, ಬೇಳೆ ಮಕ್ಕಳ ತಟ್ಟೆಗೆ ಬಂತು. ಶತಾಯುಷಿಯಾಗಿ 1999ರಲ್ಲಿ ಅವರು ಲಿಂಗೈಕ್ಯರಾದರು. ಅವರ ಉತ್ತರಾಧಿಕಾರಿ ಬಸವಲಿಂಗ ಪಟ್ಟದ್ದೇವರು ಅನಾಥ ಮಕ್ಕಳನ್ನು ಮಠದಲ್ಲಿ ಸಾಕಿ ಓದಿಸುತ್ತಿದ್ದಾರೆ. ತಾಲ್ಲೂಕಿನ ಕರಡ್ಯಾಳದಲ್ಲಿ ಮಠದ ಗುರುಕುಲವೇ ಇದೆ. ಈ ಸೀಮೆಯಲ್ಲಿ ಕನ್ನಡ ಶಿಕ್ಷಣ ಬೇರೂರಿದ್ದು ಪಾಠದ ಜೊತೆಗೆ ರೊಟ್ಟಿಯನ್ನೂ ಕೊಟ್ಟಿದ್ದರಿಂದ.

1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಹುಮನಾಬಾದ್, ಔರಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಈಗಿನ ಮಹಾರಾಷ್ಟ್ರದ ಕಡೆಗೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರದ ಪಾಲಾದವು. ಗಡಿಯ ಗೆರೆ ಬಿತ್ತೇ ಹೊರತು ಜನರ ಊಟದಲ್ಲಿ ಬದಲಾವಣೆ ಆಗಲಿಲ್ಲ. ಮೂರೂ ಕಡೆ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಕಾರದ ಹಿಂಡಿ. ಎಳ್ಳು ಅಮಾವಾಸ್ಯೆ ಬಂತೆಂದರೆ ಹೊಲದಲ್ಲಿ ಕೂತು ಉಣ್ಣುವ ಭಜ್ಜಿ ಮತ್ತು ಅಂಬಲಿ. ಹತ್ತಾರು ಕಾಳು, ಸೊಪ್ಪುಗಳನ್ನು ಒಟ್ಟಿಗೆ ಬೇಯಿಸುವ ಆ ಭಜ್ಜಿಯಲ್ಲಿ ಇರುವಷ್ಟು ಸತ್ವ ಶಾಲೆಯ ಯಾವ ಮೆನುವಿನಲ್ಲೂ ಇಂದಿಗೂ ಬಂದಿಲ್ಲ.

1960ರ ದಶಕದಲ್ಲಿ ರಾಜ್ಯದ ಶಾಲೆಗಳಿಗೆ ಅಮೆರಿಕದ ಕೇರ್ ಸಂಸ್ಥೆಯ ನೆರವು ಬಂತು. ಹಾಲಿನ ಪುಡಿ, ಗೋಧಿ ನುಚ್ಚು, ಹಳದಿ ಮೆಕ್ಕೆಜೋಳದ ರವೆ, ಎಣ್ಣೆಯ ಡಬ್ಬಿ. ಇವುಗಳಿಂದ ಶಾಲೆಯಲ್ಲಿ ಮಾಡುತ್ತಿದ್ದ ತಿಂಡಿಯನ್ನು ಆ ತಲೆಮಾರಿನವರು 'ಕೇರ್ ಉಪ್ಪಿಟ್ಟು' ಎಂದೇ ಕರೆಯುತ್ತಾರೆ. ಈಗ ಅಜ್ಜ ಅಜ್ಜಿಯರಾಗಿರುವ ಎಷ್ಟೋ ಜನರಿಗೆ ಶಾಲೆಯ ಮೊದಲ ನೆನಪೇ ಆ ಉಪ್ಪಿಟ್ಟಿನ ಪರಿಮಳ. ಆದರೆ ಅದು ಹಡಗಿನಲ್ಲಿ ಬರುವ ಅನ್ನ. ಮಾಲು ಬಂದರೆ ಉಂಟು, ಇಲ್ಲವಾದರೆ ಇಲ್ಲ. 1972ರ ಬರ ಮರಾಠವಾಡವನ್ನೂ ಉತ್ತರ ಕರ್ನಾಟಕವನ್ನೂ ಒಟ್ಟಿಗೆ ಹಿಂಡಿತು. ಹೆತ್ತವರು ಬರ ಪರಿಹಾರದ ಕಾಮಗಾರಿಗೆ ಕಲ್ಲು ಒಡೆಯಲು ಹೋದರು, ಮಕ್ಕಳು ಹಿಂದೆ ಹೋದರು. ನಂಬಿ ಕೂರುವಂಥ ಒಂದು ಊಟ ಶಾಲೆಯಲ್ಲಿ ದಿನವೂ ಸಿಗುವಂತಾಗಲು ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು.

ಅಕ್ಷರ ದಾಸೋಹ ಮೊದಲು ತಲುಪಿದ್ದು ಒಂದರಿಂದ ಐದನೇ ತರಗತಿಯ ಮಕ್ಕಳನ್ನು. ಮುಂದಿನ ವರ್ಷ ಅದು ಉಳಿದ ಜಿಲ್ಲೆಗಳಿಗೆ ಹಬ್ಬಿತು. 2004ರಲ್ಲಿ ಅನುದಾನಿತ ಶಾಲೆ ಮತ್ತು ಆರು, ಏಳನೇ ತರಗತಿಗಳಿಗೆ, 2007ರಲ್ಲಿ ಹತ್ತನೇ ತರಗತಿಯವರೆಗೆ ವಿಸ್ತರಿಸಿತು. ಮೊದಲ ವರ್ಷಗಳಲ್ಲಿ ಬಹಳಷ್ಟು ಶಾಲೆಗಳಿಗೆ ಅಡುಗೆ ಕೋಣೆಯೇ ಇರಲಿಲ್ಲ. ಮೂರು ಕಲ್ಲಿನ ಒಲೆ, ಹಸಿ ಸೌದೆ, ಹೊಗೆ. ಆದರೂ ಮಕ್ಕಳು ಬಂದರು. 2003ರಲ್ಲಿ ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ ಮತ್ತು ಅಪರಾಜಿತಾ ಗೋಯಲ್ ಕರ್ನಾಟಕ, ರಾಜಸ್ಥಾನ, ಛತ್ತೀಸಗಡದ 81 ಶಾಲೆಗಳ ಸಮೀಕ್ಷೆಯನ್ನು ಪ್ರಕಟಿಸಿದರು. ಬಿಸಿಯೂಟ ಬಂದ ಒಂದೇ ವರ್ಷದಲ್ಲಿ ಒಂದನೇ ತರಗತಿಗೆ ಸೇರಿದ ಹೆಣ್ಣುಮಕ್ಕಳ ಸಂಖ್ಯೆ ಒಟ್ಟಾರೆ ಶೇ 19ರಷ್ಟು ಹೆಚ್ಚಿದ್ದನ್ನು ಅದು ತೋರಿಸಿತು. ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಮನೆ ಕಾಯುತ್ತಿದ್ದ ಅಕ್ಕ, ಆ ತಮ್ಮನನ್ನೂ ಕರೆದುಕೊಂಡು ಶಾಲೆಗೆ ಬಂದಳು.

ಮಕ್ಕಳ ಹೆಸರು ದಾಖಲಾಗುವುದು ಒಂದು ಮಾತು, ತಟ್ಟೆ ಹಿಡಿದು ಸಾಲಿನಲ್ಲಿ ಕೂರುವುದು ಇನ್ನೊಂದು. ಅಡುಗೆಗೆ ದಲಿತ ಹೆಣ್ಣುಮಕ್ಕಳನ್ನು ನೇಮಿಸಿದಾಗ ನಾಡಿನ ಹಲವೆಡೆ ಗೊಣಗಾಟ ಕೇಳಿಬಂತು. 2004ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಇರಬೇಕೆಂದು ಹೇಳಿತು. ಹತ್ತು ವರ್ಷ ಕಳೆದ ಮೇಲೂ ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ದಲಿತ ಮಹಿಳೆ ಅಡುಗೆ ಮಾಡುತ್ತಾಳೆಂದು ಪೋಷಕರು ಮಕ್ಕಳನ್ನೇ ಶಾಲೆ ಬಿಡಿಸಿದ್ದು ಪತ್ರಿಕೆಗಳಲ್ಲಿ ಬಂತು. ಅನ್ನ ಎಷ್ಟೇ ರುಚಿಯಾಗಿರಲಿ, ಪಂಕ್ತಿಯಲ್ಲಿ ಭೇದ ನುಸುಳಿದರೆ ತಟ್ಟೆ ಖಾಲಿಯೇ ಉಳಿಯುತ್ತದೆ. ಕಲ್ಯಾಣದ ನೆಲದಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಎದುರಾದ ಪ್ರಶ್ನೆ ಇದು.

ಎರಡನೆಯ ತೊಡಕು ರುಚಿಯದು. ರಾಜ್ಯಕ್ಕೆಲ್ಲ ಒಂದೇ ಮೆನು ಬರೆದವರ ಮನಸ್ಸಿನಲ್ಲಿದ್ದದ್ದು ಅನ್ನ ಸಾಂಬಾರು. ಆಹಾರ ನಿಗಮದಿಂದ ಬರುವುದು ಅಕ್ಕಿ ಮತ್ತು ಗೋಧಿ. ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬ ಲೆಕ್ಕ ಈಗ ದೇಶಕ್ಕೆಲ್ಲ ಒಂದೇ. 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಅದರಿಂದ ಸಿಗಬೇಕು. ನೂರು ಮಕ್ಕಳ ಶಾಲೆಯಾದರೆ 10 ಕಿಲೋ ಅಕ್ಕಿ, 2 ಕಿಲೋ ಬೇಳೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಮುರಿದು ತಿಂದ ಮಗುವಿಗೆ ವಾರಪೂರ್ತಿ ತೆಳು ಸಾಂಬಾರಿನ ಅನ್ನ ಕೊಟ್ಟರೆ ಅದು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಇಷ್ಟಪಟ್ಟು ಉಣ್ಣುವುದಿಲ್ಲ. ಅಡುಗೆಯ ಅಕ್ಕಂದಿರು ತಮ್ಮ ಕೈಯಳತೆಯಲ್ಲಿ ಇದನ್ನು ಸರಿಪಡಿಸಿಕೊಂಡು ಬಂದಿದ್ದಾರೆ. ಸಾಂಬಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಒಗ್ಗರಣೆ ಖಡಕ್ ಮಾಡಿ, ಅದನ್ನು ಬೇಳೆ ಸಾರಿನ ಹತ್ತಿರಕ್ಕೆ ಎಳೆದು ತರುತ್ತಾರೆ. ಅವರ ಸಂಭಾವನೆ 2022ರ ಏರಿಕೆಯ ನಂತರವೂ ಮುಖ್ಯ ಅಡುಗೆಯವರಿಗೆ ತಿಂಗಳಿಗೆ 3,700 ರೂಪಾಯಿ, ಸಹಾಯಕರಿಗೆ 3,600 ರೂಪಾಯಿ ಇತ್ತು. ಮಕ್ಕಳು ಉಣ್ಣುವುದು ಬಿಡುವುದು ಯಾರ ಕೈಯಲ್ಲಿದೆಯೋ ಅವರಿಗೇ ರಾಜ್ಯ ಕೊಟ್ಟದ್ದು ಇಷ್ಟು. ಇದು ನ್ಯಾಯವಲ್ಲ.

ಮೂರನೆಯದು ಹೊತ್ತು. ಇಡೀ ಚರಿತ್ರೆಯಲ್ಲಿ ಕಡಿಮೆ ಗಮನ ಸಿಕ್ಕಿರುವುದೂ ಇದಕ್ಕೇ. ಔರಾದ ತಾಲ್ಲೂಕಿನ ತಾಂಡಾಗಳಲ್ಲಿ, ಭಾಲ್ಕಿಯ ಸುತ್ತಿನ ಹಳ್ಳಿಗಳಲ್ಲಿ ಕೂಲಿಗೆ ಹೋಗುವವರು ಬೆಳಿಗ್ಗೆ ಏಳು ಎಂಟರ ಒಳಗೆ ಮನೆ ಬಿಡುತ್ತಾರೆ. ಸೋಯಾಬಿನ್ ಕೊಯ್ಲು, ತೊಗರಿ ಬಿಡಿಸುವ ಕಾಲದಲ್ಲಿ ಇನ್ನೂ ಬೇಗ. ಮಗುವಿಗೆ ಒಂದು ಕಪ್ಪು ಚಾ, ಜೊತೆಗೆ ಖಾರಿಯೋ ಟೋಸ್ಟೋ, ಇಲ್ಲವಾದರೆ ರಾತ್ರಿಯ ತಂಗಳ ರೊಟ್ಟಿ. ಎಷ್ಟೋ ಮಕ್ಕಳಿಗೆ ಬರೀ ಚಾ. ಶಾಲೆ ಹತ್ತು ಗಂಟೆಯ ಸುಮಾರಿಗೆ ಶುರು, ಬಿಸಿಯೂಟ ಮಧ್ಯಾಹ್ನದ ಬಿಡುವಿಗೆ. ಅಂದರೆ ಗಣಿತ, ಓದು, ಬರಹದ ಮುಖ್ಯ ಪಾಠಗಳೆಲ್ಲ ನಡೆಯುವುದು ಮಗುವಿನ ಹೊಟ್ಟೆ ಖಾಲಿ ಇರುವ ಹೊತ್ತಿನಲ್ಲಿ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳು ತಲೆ ಸುತ್ತಿ ಕೂರುವುದನ್ನು ಕಾಣದ ಶಿಕ್ಷಕರು ಈ ಭಾಗದಲ್ಲಿ ವಿರಳ.

ಶನಿವಾರದ ಮೆನು ಇದಕ್ಕೆ ಉತ್ತರ ಎಲ್ಲಿದೆಯೆಂದು ಆಗಲೇ ತೋರಿಸಿತ್ತು. ಶನಿವಾರ ಬೆಳಗಿನ ಶಾಲೆ, ಹಾಗಾಗಿ ಅಂದು ಬಿಸಿಯೂಟದ ಜಾಗದಲ್ಲಿ ಉಪ್ಪಿಟ್ಟು ಅಥವಾ ಬಿಸಿಬೇಳೆ ಬಾತ್. ವಾರದ ಆರು ದಿನಗಳಲ್ಲಿ ಅದೊಂದೇ ದಿನ ಶಾಲೆಯ ಅಡುಗೆ ನಾಷ್ಟಾದ ಹತ್ತಿರ ಬರುತ್ತದೆ.

ಬೆಳಗಿನ ಹಸಿವಿಗೆ ಸರ್ಕಾರ ಕೈಹಾಕಿದ್ದು 2013ರ ಆಗಸ್ಟ್ 1ರಂದು, ಕ್ಷೀರ ಭಾಗ್ಯದ ಮೂಲಕ. ಮುಖ್ಯಮಂತ್ರಿ ಸಿದ್ದರಾಮಯ್ಯ. ಅಂಗನವಾಡಿ ಸೇರಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ವಾರದಲ್ಲಿ ಮೂರು ದಿನ ತಲಾ 150 ಮಿಲಿಲೀಟರ್ ಬಿಸಿ ಹಾಲು. 2017ರಿಂದ ವಾರಕ್ಕೆ ಐದು ದಿನ. ಹಳ್ಳಿಹಳ್ಳಿಗೆ ದಿನವೂ ಹಸಿ ಹಾಲು ಸಾಗಿಸಲು ಆಗದ ಕಾರಣ ನಂದಿನಿಯ ಕೆನೆಭರಿತ ಹಾಲಿನ ಪುಡಿ ಶಾಲೆಗೆ ಬರುತ್ತದೆ. ಒಂದು ಮಗುವಿಗೆ 18 ಗ್ರಾಂ ಪುಡಿ, 10 ಗ್ರಾಂ ಸಕ್ಕರೆ. ಮಾಡುವುದು ನೋಡಲು ಸುಲಭ, ಕೈಗೆ ಅಷ್ಟು ಸುಲಭವಲ್ಲ. ಪುಡಿಯನ್ನು ನೇರವಾಗಿ ಕುದಿಯುವ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಗಂಟೊಡೆದು, ಆಮೇಲೆ ಕಾದ ನೀರಿಗೆ ಸೇರಿಸಿ ಒಂದೇ ಸಮ ತಿರುವುತ್ತ ಕುದಿಸಬೇಕು. ಗಂಟು ಉಳಿದರೆ, ತಳ ಹತ್ತಿ ವಾಸನೆ ಬಂದರೆ, ಆ ದಿನ ಅರ್ಧ ಸಾಲು ಲೋಟ ಹಾಗೇ ಕೆಳಗಿಡುತ್ತದೆ. ಒಂದು ಶಾಲೆಯಲ್ಲಿ ಎಲ್ಲರೂ ಹಾಲು ಕುಡಿಯುವುದಕ್ಕೂ ಪಕ್ಕದ ಊರಿನಲ್ಲಿ ಕುಡಿಯದಿರುವುದಕ್ಕೂ ನಡುವೆ ಇರುವ ವ್ಯತ್ಯಾಸ ಎಷ್ಟೋ ಸಲ ಈ ತಿರುವುವ ಸೌಟಿನದು.

2021ರ ಮೊಟ್ಟೆ ಇನ್ನೊಂದು ಪಾಠ ಕಲಿಸಿತು. ಆ ವರ್ಷ ಡಿಸೆಂಬರ್ 1ರಿಂದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡಲು ಸರ್ಕಾರ ಆದೇಶಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಈ ಜಿಲ್ಲೆಗಳ ಮಕ್ಕಳಲ್ಲಿ ಅಪೌಷ್ಟಿಕತೆ ಮತ್ತು ರಕ್ತಹೀನತೆ ಹೆಚ್ಚಿದ್ದುದು ಕಾರಣ. ಕೆಲವು ಮಠಾಧೀಶರು ವಿರೋಧಿಸಿದರು, ಬೀದಿಗೂ ಇಳಿದರು. ಗಂಗಾವತಿಯ ಶಾಲೆಯ ಒಬ್ಬ ಹುಡುಗಿ ತಮಗೆ ಮೊಟ್ಟೆ ಬೇಕೆಂದು ಗಟ್ಟಿ ದನಿಯಲ್ಲಿ ಕೇಳಿದ್ದು ರಾಜ್ಯವಿಡೀ ಹರಡಿತು. ಶಾಲೆಯ ಊಟದ ಬಗ್ಗೆ ಮಕ್ಕಳೇ ಬಾಯಿ ಬಿಟ್ಟು ಮಾತಾಡಿದ ಅಪರೂಪದ ಸಂದರ್ಭ ಅದು. ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿದ ಅಧ್ಯಯನವೊಂದು, ಮೊಟ್ಟೆ ತಿಂದವರ ತೂಕ ಚೆನ್ನಾಗಿ ಏರಿದ್ದನ್ನು ಕಂಡಿತು. ಮುಂದಿನ ಶೈಕ್ಷಣಿಕ ವರ್ಷದಲ್ಲಿ ಮೊಟ್ಟೆ ಎಲ್ಲ ಜಿಲ್ಲೆಗಳಿಗೂ ಹೋಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದೆ ಬಂದ ಮೇಲೆ ವಾರಕ್ಕೆ ಎರಡಿದ್ದ ಮೊಟ್ಟೆ ಆರಕ್ಕೇರಿತು. ಹಿಂದುಳಿದ ಜಿಲ್ಲೆಗಳಲ್ಲಿ ಶುರುವಾದ ಒಂದು ಪದ್ಧತಿ ಹೀಗೆ ಎರಡನೆಯ ಸಲ ಇಡೀ ರಾಜ್ಯದ ಪದ್ಧತಿಯಾಯಿತು.

2024ರ ಫೆಬ್ರುವರಿ 22ರಂದು ಬೆಳಗಿನ ಹಾಲಿಗೆ ರಾಗಿ ಸೇರಿತು. ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ಸಹಯೋಗದಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡುವ ಯೋಜನೆ ಅದು. ಒಳ್ಳೆಯ ಕೆಲಸ, ಸಂಶಯವಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಹೇರಳ. ಆದರೆ ರಾಗಿ ಹಳೆಯ ಮೈಸೂರಿನ ಧಾನ್ಯ. ಬೀದರಿನ ಮನೆಯಲ್ಲಿ ರಾಗಿ ಮುದ್ದೆಯಿಲ್ಲ, ರಾಗಿ ಗಂಜಿಯೂ ಅಪರೂಪ. ತುಮಕೂರಿನ ಮಗುವಿಗೆ ಅಜ್ಜಿ ಕುಡಿಸಿದ ರುಚಿ ಔರಾದದ ಮಗುವಿಗೆ ಹೊಸದು. ಹೊಸ ರುಚಿಗೆ ಮಕ್ಕಳು ನಿಧಾನವಾಗಿ ಒಗ್ಗುತ್ತಾರೆ ನಿಜ. ಪಡಿತರ ಅಂಗಡಿಯಲ್ಲಿ ದಕ್ಷಿಣಕ್ಕೆ ರಾಗಿ, ಉತ್ತರಕ್ಕೆ ಜೋಳ ಎಂಬ ಭೇದವನ್ನು ಸರ್ಕಾರ ಒಪ್ಪಿದೆ. ಶಾಲೆಯ ತಟ್ಟೆಯಲ್ಲಿ ಇನ್ನೂ ಒಪ್ಪಿಲ್ಲ.

ಜೋಳವನ್ನು ಮಕ್ಕಳ ತಟ್ಟೆಗೆ ತಂದವರನ್ನು ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಬೀದರ್ ನಗರದಿಂದ ಒಂದು ಗಂಟೆಯ ಹಾದಿ, ಒಂದು ಕಾಲಕ್ಕೆ ಬೀದರ್ ಜಿಲ್ಲೆಯದೇ ಆಗಿದ್ದ ಜಹೀರಾಬಾದಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. 1983ರಲ್ಲಿ ಅದನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್. ದಲಿತ ಹೆಣ್ಣುಮಕ್ಕಳ ಸಂಘಗಳು ಪಾಳುಬಿದ್ದ ನೆಲದಲ್ಲಿ ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿ ಒಟ್ಟಿಗೆ ಬಿತ್ತಿದವು, ತಮ್ಮದೇ ಬೀಜದ ಕಣಜ ಕಟ್ಟಿದವು. ಅವರು ನಡೆಸಿದ ಬಾಲವಾಡಿಗಳಲ್ಲಿ ಮಕ್ಕಳು ಉಂಡದ್ದು ಅದೇ ಹೊಲದ ಸಿರಿಧಾನ್ಯ. 2023ರ ಮಾರ್ಚ್‌ನಲ್ಲಿ, ವಿಶ್ವಸಂಸ್ಥೆ ಸಾರಿದ ಸಿರಿಧಾನ್ಯ ವರ್ಷದಲ್ಲೇ, ಸತೀಶ್ ತೀರಿಕೊಂಡರು. ಗಡಿಯಾಚೆ ನಾಲ್ಕು ದಶಕ ನಡೆದ ಈ ಕೆಲಸದಿಂದ ಗಡಿಯೀಚೆಯ ಶಾಲೆಗಳು ಕಲಿಯುವುದು ಬೇಕಾದಷ್ಟಿದೆ.

ಪೂರ್ಣ ಪ್ರಮಾಣದ ಬೆಳಗಿನ ಉಪಾಹಾರ ನೆರೆಯವರಲ್ಲಿ ಆಗಲೇ ಬಂದಿದೆ. 1920ರಲ್ಲಿ ಮದ್ರಾಸ್ ನಗರಸಭೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಆರಂಭಿಸಿದ ತಮಿಳುನಾಡು, 2022ರ ಸೆಪ್ಟೆಂಬರ್ 15ರಂದು ಮದುರೆಯಿಂದ ಬೆಳಗಿನ ಉಪಾಹಾರಕ್ಕೆ ಚಾಲನೆ ಕೊಟ್ಟಿತು. ಮೊದಲು 1,545 ಶಾಲೆಗಳು, ಮರುವರ್ಷ ಆಗಸ್ಟ್‌ನಿಂದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳು. ಉಪ್ಪಿಟ್ಟು, ಕಿಚಡಿ, ಪೊಂಗಲ್. ಹೆಚ್ಚಿನ ಶಾಲೆಗಳಲ್ಲಿ ಹಾಜರಾತಿ ಏರಿತು. ತೆಲಂಗಾಣ 2023ರ ಅಕ್ಟೋಬರ್ 6ರಂದು ತನ್ನ ಉಪಾಹಾರ ಯೋಜನೆಯನ್ನು ಘೋಷಣೆಯಿಂದ ಶಾಲೆಗಿಳಿಸಿತು. ಮಧ್ಯಾಹ್ನದ ಊಟದ ಜೊತೆಗೆ ಬೆಳಗಿನ ಉಪಾಹಾರವೂ ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ.

ಉಪಾಹಾರ ಇಟ್ಟ ಮಾತ್ರಕ್ಕೆ ಮಕ್ಕಳು ಬಂದು ತಿನ್ನುತ್ತಾರೆಯೇ ಎಂಬ ಪ್ರಶ್ನೆಗೆ ಅಮೆರಿಕದ ಅನುಭವ ಉಪಯುಕ್ತ. ಅಲ್ಲಿ ಸರ್ಕಾರಿ ಶಾಲಾ ಉಪಾಹಾರ 1966ರಲ್ಲಿ ಪ್ರಯೋಗವಾಗಿ ಶುರುವಾಗಿ 1975ರಲ್ಲಿ ಕಾಯಂ ಆಯಿತು. ನಡುವೆ 1969ರಲ್ಲಿ ಓಕ್‌ಲ್ಯಾಂಡಿನ ಚರ್ಚೊಂದರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಡ ಮಕ್ಕಳಿಗೆ ತಾವೇ ನಾಷ್ಟಾ ಬಡಿಸತೊಡಗಿ ಸರ್ಕಾರದ ಕಣ್ಣು ತೆರೆಸಿದ್ದರು. ಆದರೂ ದಶಕಗಳ ಕಾಲ ಮಧ್ಯಾಹ್ನ ಉಣ್ಣುವ ಮಕ್ಕಳಲ್ಲಿ ಬಹುಪಾಲು ಮಂದಿ ಬೆಳಗಿನ ಉಪಾಹಾರಕ್ಕೆ ಬರಲಿಲ್ಲ. ಶಾಲೆಗಿಂತ ಅರ್ಧ ಗಂಟೆ ಮುಂಚೆ ಬರಬೇಕು, ಬೇರೆ ಕೋಣೆಗೆ ಹೋಗಬೇಕು, ಹೋದವರು ಬಡವರೆಂದು ಗೊತ್ತಾಗುತ್ತದೆ. ಉಪಾಹಾರವನ್ನು ಗಂಟೆ ಬಾರಿಸಿದ ನಂತರಕ್ಕೆ ಸರಿಸಿ, ತರಗತಿಯಲ್ಲೇ, ಎಲ್ಲರಿಗೂ ಕೊಟ್ಟಾಗ ತಿನ್ನುವವರ ಸಂಖ್ಯೆ ಥಟ್ಟನೆ ಏರಿತು. ಬೀದರಿನ ಚರಿತ್ರೆ ಬೇರೆ ದಾರಿಯಲ್ಲಿ ನಡೆದು ಇದನ್ನೇ ಹೇಳುತ್ತದೆ. ಕ್ಷೀರ ಭಾಗ್ಯದ ಲೋಟ ಎಲ್ಲ ಮಕ್ಕಳ ಕೈಗೂ ಹೋದದ್ದು ಅದು ಪ್ರಾರ್ಥನೆಯ ನಂತರ, ಶಾಲೆಯ ವೇಳೆಯಲ್ಲೇ, ಬಡವ ಬಲ್ಲಿದ ಎನ್ನದೆ ಬಂದದ್ದರಿಂದ.

ಒಂದು ವರ್ಗದ ಮಕ್ಕಳನ್ನು ಮಾತ್ರ ಈ ಯಾವುದೂ ಪೂರ್ತಿ ತಲುಪಿಲ್ಲ. ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯಲು, ಹೈದರಾಬಾದು, ಪುಣೆ, ಮುಂಬೈಯ ಕಟ್ಟಡದ ಕೆಲಸಕ್ಕೆ ಔರಾದ, ಭಾಲ್ಕಿ ಭಾಗದ ಕುಟುಂಬಗಳು ಗುಳೆ ಹೋಗುತ್ತವೆ. ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಮಗು ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿರುತ್ತದೆ. ಬೆಳಿಗ್ಗೆಯೂ ಮಧ್ಯಾಹ್ನವೂ ಶಾಲೆಯಲ್ಲೇ ಊಟವಿದೆ ಎಂಬ ಭರವಸೆ ಇದ್ದರೆ ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟುಹೋಗಲು ತಾಯಿಗೆ ಧೈರ್ಯ ಬರುತ್ತದೆ. ವಯಸ್ಸಾದ ಅಜ್ಜಿ ರಾತ್ರಿಯ ಒಂದು ಹೊತ್ತು ನೋಡಿಕೊಂಡರೆ ಸಾಕು.

ಹಣ ಎಲ್ಲಿದೆ ಎಂದು ಕೇಳುವವರಿದ್ದಾರೆ. ಸಂವಿಧಾನದ 371(ಜೆ) ವಿಧಿಯ ಬಲದ ಮೇಲೆ ನಿಂತ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ಸಾವಿರಾರು ಕೋಟಿ ರೂಪಾಯಿ ಬರುತ್ತದೆ. ಅದರ ದೊಡ್ಡ ಪಾಲು ರಸ್ತೆ, ಕಟ್ಟಡಗಳಿಗೆ ಹೋಗುತ್ತಿದೆ. ತನ್ನ ವ್ಯಾಪ್ತಿಯ ಏಳು ಜಿಲ್ಲೆಗಳ ಮಕ್ಕಳಿಗೆ ಜೋಳದ ಉಪ್ಪಿಟ್ಟು, ಜೋಳದ ಅಂಬಲಿ, ಸುಸಲಾ, ಹೆಸರುಕಾಳಿನ ಉಸಳಿಯ ಒಂದು ನಾಷ್ಟಾ ಕೊಡಲು ಆಗದಷ್ಟು ಬಡತನ ಆ ಮಂಡಳಿಗಿಲ್ಲ. ಜೋಳವನ್ನು ಇಲ್ಲಿನ ರೈತರಿಂದಲೇ ಕೊಂಡರೆ, ಸೋಯಾಬಿನ್ನಿಗೆ ಜಾಗ ಬಿಟ್ಟುಕೊಟ್ಟ ಬಿಳಿಜೋಳಕ್ಕೂ ಒಂದು ಮಾರುಕಟ್ಟೆ ಆಗುತ್ತದೆ.

ಕೇಳುವ ಹಕ್ಕು ಪೋಷಕರಿಗಿದೆ. ಪ್ರತಿ ಸರ್ಕಾರಿ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಬಿಸಿಯೂಟದ ರುಚಿ ನೋಡಲು ತಾಯಂದಿರಿಗೆ ಅವಕಾಶವಿದೆ. ಕನ್ನಡ ಶಾಲೆಯಿರಲಿ, ಉರ್ದು, ಮರಾಠಿ ಶಾಲೆಯಿರಲಿ, ಮುಂದಿನ ಸಭೆಯಲ್ಲಿ ಬೀದರ್, ಭಾಲ್ಕಿ, ಔರಾದದ ತಾಯಂದಿರು ಒಂದು ಠರಾವು ಮಾಡಿ ಮಂಡಳಿಗೂ ಜಿಲ್ಲಾ ಪಂಚಾಯಿತಿಗೂ ಕಳಿಸಲಿ: ನಮ್ಮ ಮಕ್ಕಳಿಗೆ ಪ್ರಾರ್ಥನೆ ಮುಗಿದ ಕೂಡಲೇ, ತರಗತಿಯಲ್ಲೇ, ನಮ್ಮ ಜೋಳದ ನಾಷ್ಟಾ ಕೊಡಿ.